ಯೂದನ ಗಡ್ಡ

ಹಲೋ… ಹಲೋ, ಯಾರು?… ಯಾರ್ರೀ ಮಾತಾಡೋದು? ಈ ನಂಬರ್ ನನ್ ತಾವ ಇಲ್ಲ…

ಹೂಂ, ಜಯಕುಮಾರನೇ… ಯಾರು, ಮುಜೀಬಣ್ಣನಾ? ಕನಕಪುರದ ಕಟಿಂಗ್ ಶಾಪಿಂದ?… ಅಣ್ಣ, ಶುಕ್ರವಾರದ ಗಂಟ ನಾನು ಕತ್ತರಿ ಮುಟ್ಟಿಸಂಗಿಲ್ಲ ಕಣಣ್ಣ. ಶುಭ ಶುಕ್ರವಾರದ ನಾಟಕ ಐತೆ. ಈ ವರ್ಷ ಯೇಸು ನಾನೇ… ಏನು? ಯಾರ್ ಕೈಗೆ ಕೊಡ್ತೀಯಾ ಫೋನು?…

ಹಲೋ… ಯಾವ ರಾಯಪ್ಪ?…

ಹೂಂ. ಗೊತ್ತಾಯ್ತು ಬುಡು. ಒಂದನೇ ಕ್ಲಾಸಿಂದ ಒಟ್ಟಿಗಿದ್ದೋನ ದನಿ ಗೊತ್ತಾಗಲ್ವಾ… ಅಲ್ಲ, ನಿನ್ ಫೋನ್ ಏನಾಯ್ತು? ಬೇರೆಯೋರ ಫೋನಿಂದ ಯಾಕ್ ಮಾಡ್ದೆ?… ನಾನು ಎತ್ತಲ್ಲ ಅಂತಾನಾ?… ಹುಳಕ್ಕೆ ಸೊಪ್ಪು ಹಾಕ್ತಿದ್ದೆ ಕಣ್ಲಾ, ಕೈ ಬಿಡುವಿರ್ಲಿಲ್ಲ… ಹನ್ನೊಂದು ದಿನದಿಂದ್ಲೂ ಸೊಪ್ಪೇ ಹಾಕ್ತಿದ್ದೆ. ಯಾಕೆ, ರೇಷ್ಮೆ ಹುಳ ದಿನಾ ತಿನ್ನಲ್ವಾ?…

ಬೇಗ ಹೇಳು. ಚಾರ್ಜ್ ಇಲ್ಲ. ಒಂದೇ ಪರ್ಸೆಂಟ್ ಇರೋದು…

ಫಾದರ್ ಕಳ್ಸಿದ್ರಾ?… ನಾಟಕದ ಮೇಷ್ಟ್ರಾ?… ಯಾರೂ ಹೇಳ್ದೆ ನೀನಾಗೇ ಮಾಡ್ದೆ. ಅಲ್ವಾ? ನಂಬ್ಬೇಕು ನಾನು. ನಿನ್ ಯೇಸು ಪಾತ್ರ ಹೋಗಿ ಹನ್ನೊಂದು ದಿನಕ್ಕೆ, ಪಾತ್ರ ಕಿತ್ಕಂಡೋನಿಗೇ ಫೋನು… ಅಲ್ಲಲ್ಲ, ನಾನ್ ಕಿತ್ಕಂಡೆ ಅಂತ ಎಲ್ಲಂದೆ? ಫಾದರ್ ಕಿತ್ರು. ನಂಗ್ ಕೊಟ್ರು. ನೆಪ್ಪಿರ್ಲಿ…

ಏನು, ಭುಜಾನಾ?… ಎಡ ಭುಜ. ಯಾಕೆ ಎಡ?… ನಿಧಾನಕ್ಕೆ ಹೇಳ್ಲಾ… ಗುಡ್ಡ ಹತ್ತುವಾಗ ಎರಡನೇ ತಿರುವಲ್ಲಿ ಬಂಡೆ ಐತಲ್ಲ, ಹೂಂ… ಅಲ್ಲಿಗೆ ಬಂದಾಗ ಶಿಲುಬೆನ ಎಡಕ್ಕೆ ಬದಲಾಯಿಸ್ಕಂಡು, ಬಲಗಾಲು ಮೊದ್ಲು ಇಡ್ಬೇಕು… ಲೇ, ಒಂಬತ್ತು ವರ್ಷ ನೀನು ಯೇಸು ಮಾಡಿದ್ದು ನಾನ್ ನೋಡಿಲ್ವಾ? ಬಲಗಡೆನೇ ಹೊತ್ಕಂಡಿದ್ದೆ… ಬಂಡೆ ತಾವ ಬದಲಾಯಿಸ್ತಿದ್ಯಾ? ನಂಗ್ ಕಾಣ್ಲಿಲ್ಲ… ಹೌದು, ನನ್ ಯೂದ ಅಷ್ಟೊತ್ತಿಗೆ ಯೇಸುನ ಹಿಡಿದುಕೊಟ್ಟು, ನೇಣು ಹಾಕ್ಕಂಡು, ವೇಷ ಕಳಚಿ, ಚರ್ಚ್ ಹಿಂದೆ ಪಾನಕ ಕುಡೀತಿರ್ತಾನೆ. ಎಲ್ಲಿ ಕಾಣ್ಬೇಕು…

ನೋಡು ರಾಯಪ್ಪ, ನಂಗೊಂದು ಅನುಮಾನ. ನಾನು ನಿನ್ ಮಾತು ಕೇಳಿ ಎಡಕ್ಕೆ ಹಾಕ್ಕಂಡು, ಮೂರೂರು ಜನದ ಮುಂದೆ ಮುಗ್ಗರಿಸ್ಬೇಕು. ಜನ ರಾಯಪ್ಪನೇ ವಾಸಿ ಅನ್ಬೇಕು. ಅದಕ್ಕೇ ತಾನೇ?… ನಗ್ಬೇಡ… ಯೇಸು ಮೂರು ಸತಿ ಬೀಳ್ಲೇಬೇಕು, ಅದ್ ಗೊತ್ತು. ನಾನ್ ಹೇಳ್ತಿರೋದು ನಾಲ್ಕನೇ ಸತಿ ಬೀಳೋದು…

ಸ್ಪಂಜು?… ಭುಜದ ಮೇಲೆ, ಅಂಗಿ ಒಳಗೆ… ನಿನ್ ಹೆಂಡ್ತಿ ಹೊಲಿದಿದ್ದಾ? ಯಾರ್ ಕೈಲಿ ಕಳ್ಸಿದ್ದೀಯಾ?… ನಿನ್ ಮಗ ಪುನೀತ್ ಕೈಲಿ. ಸರಿ. ಬಿಚ್ಚಿ ನೋಡೇ ಹಾಕ್ಕಳೋದು ನಾನು, ಮುಂಚೇನೇ ಹೇಳ್ಬುಟ್ಟಿದ್ದೀನಿ…

ಗಡ್ಡಾನಾ?… ಬಂದೈತೆ. ಯಾಕ್ ಕೇಳ್ತೀಯಾ?… ಚೆನ್ನಾಗೇ ಬಂದೈತೆ, ಹಿಡಿದ್ರೆ ಕೈಗೆ ಸಿಗತ್ತೆ. ಯೇಸು ಪಾತ್ರಕ್ಕೆ ಸ್ವಂತ ಗಡ್ಡನೇ ಇರ್ಬೇಕು, ಗೊತ್ತಿಲ್ವಾ ನಂಗೆ? ಅಂಟು ಗಡ್ಡ ಯೂದನಿಗೆ. ಒಂಬತ್ತು ವರ್ಷ ಆ ಗೋಂದು ಕಿತ್ತು ಕಿತ್ತು ನನ್ ಕೆನ್ನೆ ಸುಲಿದೋಗೈತೆ…

ಏನಂದೆ?… ಹನ್ನೊಂದು ದಿನಕ್ಕೆ ಕೈಗ್ ಸಿಗೋ ಅಷ್ಟು ಹೆಂಗ್ ಬಂತು ಅಂತಾ?…

ಹರಕೆ ಕಣ್ಲಾ. ಹೊಸ ವರ್ಷದಿಂದ ಬುಟ್ಟಿದ್ದೀನಿ, ವೇಳಾಂಗಣ್ಣಿ ಮಾತೆಗೆ. ಊರಿಗೆಲ್ಲ ಗೊತ್ತು… ಯಾತಕ್ಕೆ ಹರಕೆ ಅಂದ್ರೆ… ಅದನ್ನ ಹೇಳ್ಬಾರ್ದು. ನೀನೇನ್ ಪೊಲೀಸಾ?…

ಓಹೋ. ಯಾರೋ ನಿನ್ ಕಿವಿ ಊದವ್ರೆ. ಲೋಕೇಶ ತಾನೇ? ನಿನ್ನೆ ಪ್ರಾಕ್ಟೀಸಲ್ಲಿ ಆಗಿದ್ದು ಹೇಳಿದ್ನಾ?… ಹೇಳಿಲ್ವಾ?… ಥೂ, ನಾನೇ ಬಾಯ್ ಬುಟ್ಟೆ…

ಏನಿಲ್ಲ ಕಣ್ಲಾ. ಪಿಲಾತನ ಸೀನು, ಯೇಸುನ ವಿಚಾರಣೆ ಮಾಡೋದು. ಲೋಕೇಶ ಎದ್ದು ನಿಂತು ಜನಕ್ಕೆ ಹೇಳ್ತಾನಲ್ಲ, ಇವನಲ್ಲಿ ತಪ್ಪೇನೂ ಇಲ್ಲ, ನೀವು ಹೊಟ್ಟೆಕಿಚ್ಚಿಗೆ ಹಿಡಿದುಕೊಟ್ಟಿದ್ದೀರಿ ಅಂತ. ಒಂಬತ್ತು ವರ್ಷ ಆ ಮಾತು ಪರದೆ ಹಿಂದೆ ಕೇಳಿದ್ದೆ. ನಿನ್ನೆ ಬಿಳೀ ನಿಲುವಂಗಿ ಹಾಕ್ಕಂಡು ಅವನ ಎದುರ್ಗೇ ನಿಂತಿದ್ದೆ. ಅಲ್ಲಿ ಯೇಸುಗೆ ಮಾತೇ ಇಲ್ಲ, ಗೊತ್ತಲ್ಲ. ಸುಮ್ನೆ ನಿಂತ್ಕಬೇಕು ಅಷ್ಟೇ… ನಿಂತ್ಕಳಕ್ಕಾಗ್ಲಿಲ್ಲ. ಸ್ಟೇಜಿಂದ ಇಳಿದು ನೀರು ಕುಡಿಯಕ್ಕೆ ಹೋದೆ. ಮೇಷ್ಟ್ರು ಮೈಕಲ್ಲೇ ಬೈದ್ರು…

ಹುಷಾರಾಗೇ ಇದ್ದೀನಿ… ಜ್ವರಾನೂ ಇಲ್ಲ… ನನ್ ಹುಷಾರು ನಿಂಗ್ಯಾಕ್ಲಾ? ನಿಂಗೇನ್ ಬೇಕು ಅದ್ ಹೇಳು ಮೊದ್ಲು…

ಯಾವ ಫೋಟೋ?… ಫಾದರ್ ನಿಂಗೆ ತೋರ್ಸಿದ್ರಾ?… ಹೂಂ, ನೋಡಿದ್ದೀನಿ. ನೀನು ಬಾರ್ ಬಾಗ್ಲಲ್ಲಿ ನಿಂತಿರೋದು. ಯೇಸು ಮಾಡೋನು ತಪಸ್ಸುಕಾಲದ ನಲವತ್ತು ದಿನ ಪೂರ್ತಿ ಬಾಡು ಮುಟ್ಟಂಗಿಲ್ಲ, ಎಣ್ಣೆ ಮುಟ್ಟಂಗಿಲ್ಲ. ಅದಕ್ಕೇ ಪಾತ್ರ ಹೋಯ್ತು. ಯಾರ್ ತೆಗೆದ್ರೋ, ಯಾರ್ ತೋರ್ಸಿದ್ರೋ, ನಂಗೇನ್ ಗೊತ್ತು?… ನನ್ನ ಯಾಕ್ ಕೇಳ್ತೀಯಾ? ನೀನ್ಯಾಕೆ ಬಾಯ್ ಮುಚ್ಕಂಡಿದ್ದೆ? ತಂಗಿ ಗಂಡ ಕುಡಿದು ಬಿದ್ದಿದ್ದ, ಎತ್ಕಂಡ್ ಬರಕ್ಕೆ ಒಳೀಕೆ ಹೋಗಿದ್ದೆ ಅಂತ ಒಂದು ಮಾತು ಫಾದರ್‌ಗೆ ಅಂದಿದ್ರೆ…

…

ನಂಗ್ ಹೆಂಗ್ ಗೊತ್ತು ಅಂತಾ?… ಯಾರೋ ಅಂದ್ರು ಕಣ್ಲಾ, ಊರೋರು…

ನಾನೇ ಅಂತ ನಿಂಗ್ ಗೊತ್ತಿತ್ತಾ?… ಯಾವಾಗಿಂದ?… ಮೊದಲ್ನೇ ದಿನವೇ?… ಫೋಟೋ ಮೂಲೇಲಿ ನನ್ ಗಾಡಿ ಹ್ಯಾಂಡಲ್ಲು. ಜಪಸರ ನೇತಾಕಿರೋದು. ಹೂಂ. ಅದನ್ನ ನಾನ್ ನೋಡ್ಕಳ್ಳಿಲ್ಲ…

ಗೊತ್ತಿದ್ದೂ ಎಡ ಭುಜ, ಸ್ಪಂಜು ಅಂತ ಬಂದಿದ್ದೀಯಾ? ಇದೇನ್ ಆಟ ರಾಯಪ್ಪ? ಮುಯ್ಯಿ ತೀರಿಸೋನು ನೇರಕ್ಕೆ ಬಂದು ಕೆನ್ನೆಗೆ ಹೊಡಿ…

ನೀನಾ? ಫಾದರ್ ತಾವ ಪಾಪನಿವೇದನೆಗೆ ನೀನ್ ಯಾಕ್ ಹೋದೆ? ನೀನೇನ್ ಮಾಡಿದ್ದೆ?… ಹೊಟ್ಟೆಕಿಚ್ಚು… ನನ್ ಮೇಲಾ?… ಹನ್ನೊಂದು ದಿನಾನೂ?… ಏನು?… ನಾನು ಆ ಬಂಡೆ ಮೇಲೆ ಜಾರ್ಲಿ ಅಂತ ದಿನಾ ಬೇಡ್ಕತಿದ್ಯಾ? ಚರ್ಚಲ್ಲಿ ಕೂತ್ಕಂಡಾ?…

ನೋಡ್ದ್ಯಾ, ನನ್ ಅನುಮಾನ ಸುಳ್ಳಾಗ್ಲಿಲ್ಲ… ಹೂಂ. ಹೂಂ. ಅದಕ್ಕೇ ಬಂಡೆ ಎಲ್ಲೈತೆ ಅಂತ ಹೇಳ್ದೆ. ಇಲ್ಲಾಂದ್ರೆ ಆ ಕಿಚ್ಚು ಹೋಗಲ್ಲ… ಫಾದರ್ ಹೇಳಿದ್ರಾ ಫೋನ್ ಮಾಡು ಅಂತ?… ಹತ್ತು ಜಪ ಮಾಡು ಸಾಕು ಅಂದ್ರಾ. ಮಾಡಿ ನೋಡ್ದೆ, ಹೋಗ್ಲಿಲ್ಲ. ಹೆಂಡ್ತಿ ಕೈಲಿ ಸ್ಪಂಜು ಹೊಲಿಸ್ದಾಗ ಒಸಿ ಕಮ್ಮಿ ಆಯ್ತು…

ಅಲ್ಲ, ಆ ಕಟಿಂಗ್ ಶಾಪಲ್ಲಿ ನೀನು ಏನ್ ಮಾಡ್ತಿದ್ದೀಯಾ?… ಕುರ್ಚಿ ಮೇಲಾ?… ಪೂರ್ತಿ ಬೋಳಿಸ್ಕತೀಯಾ? ಯಾಕೆ?… ಗಡ್ಡ ಇರೋ ಗಂಟ ಆಸೆ ಹೋಗಲ್ಲ…

ತಾಳು. ಮುಜೀಬಣ್ಣಂಗೆ ತಾಳು ಅನ್ನು… ನಾನೇ ಕಣ್ಲಾ. ಫೋಟೋ ತೆಗೆದೋನು ನಾನೇ, ಫಾದರ್‌ಗೆ ತೋರ್ಸಿದ್ದೂ ನಾನೇ… ಗೊತ್ತು ಅಂತ ಅನ್ಬೇಡ, ಹೇಳಕ್ಕೆ ಬುಡು ನಂಗೆ. ಎರಡು ತೆಗೆದಿದ್ದೆ. ಇನ್ನೊಂದು ಯಾರ್ಗೂ ತೋರ್ಸಿಲ್ಲ. ಅದ್ರಲ್ಲಿ ನೀನು ಅವನ್ನ ಹೊತ್ಕಂಡು ಮೆಟ್ಲು ಇಳೀತಿದ್ದೀಯಾ… ಎಡ ಭುಜದ ಮೇಲೆ. ಈಗ ನೀನು ಹೇಳ್ದಾಗ್ಲೇ ನಂಗೆ ನೆಪ್ಪಾಗಿದ್ದು…

ಇಲ್ಲ, ಅದನ್ನ ತೋರ್ಸಲ್ಲ. ನಿನ್ ತಂಗಿ ಹೆಸ್ರು ಬರಲ್ಲ. ರಾಯಪ್ಪ ಕುಡಿದಿರ್ಲಿಲ್ಲ, ನಾನ್ ಗೊತ್ತಿದ್ದೇ ಸುಳ್ಳು ಹೇಳ್ದೆ ಅಂತೀನಿ. ಇವತ್ತು ಸಂಜೆ ಪ್ರಾಕ್ಟೀಸಲ್ಲಿ, ಅದೇ ಮೈಕಲ್ಲಿ… ಜನ ಉಗೀತಾರೆ, ಉಗೀಲಿ. ಯೂದನ ಪಾತ್ರಕ್ಕೆ ಒಂಬತ್ತು ವರ್ಷ ಉಗಿಸ್ಕಂಡಿದ್ದೀನಲ್ಲ…

ನಂಗೂ ಭಯ ಐತೆ. ಶುಕ್ರವಾರ ನೀನೇ ಯೇಸು ಆಗಿ ಗುಡ್ಡ ಹತ್ತುವಾಗ ನಂಗೆ ಮತ್ತೆ ಹೊಟ್ಟೆ ಉರೀಬೋದು. ಉರಿದ್ರೆ ಬಂಡೆ ತಾವ ಬಂದು ನಿಂತ್ಕತೀನಿ, ಕಾಲು ಜಾರಿದ್ರೆ ಹಿಡಿಯಕ್ಕೆ… ನಂಬ್ತೀಯೋ ಬುಡ್ತೀಯೋ…

ಹಲೋ… ಫೋನ್ ಕೂಗ್ತೈತೆ, ಈಗ ನಿಜವಾಗ್ಲೂ ಚಾರ್ಜ್ ಇಲ್ಲ. ಆಗ ಹೇಳಿದ್ದು ಸುಳ್ಳು… ಏನದು ಸದ್ದು? ಮಿಷಿನ್ ಆನ್ ಮಾಡಿದ್ರಾ?… ಮುಜೀಬಣ್ಣ! ನಿಲ್ಸಣ್ಣ!… ಒಂದು ಕೆನ್ನೆ ಆಗೋಯ್ತಾ?… ಯಾವಾಗ್ಲಾ, ಮಾತಾಡ್ತಾ ಮಾತಾಡ್ತಾನಾ?…

ಮಿಕ್ಕಿದ್ದು ಹಂಗೇ ಬುಟ್ಟು ಬಾ ರಾಯಪ್ಪ. ಹಂಗೇ ಎದ್ದು ಬಾ. ಜನ ನಕ್ರೆ ನಗ್ಲಿ. ಅಂಟು ಗಡ್ಡದ ಯೇಸು ಒಂದು ವರ್ಷ ಇರ್ಲಿ, ಗೋಂದು ಎಷ್ಟು ಹಾಕ್ಬೇಕು ಅಂತ ಊರಲ್ಲಿ ನಂಗೊಬ್ಬಂಗೇ ಗೊತ್ತಿರೋದು. ನೀನ್ ಬಾ, ನಾನೇ ಕೂತ್ಕಂಡು ಅಂಟಿಸ್ತೀ…