ಅಮ್ಮ ಎಣಿಸಿ ಆಯ್ತಾ?

ಅವತ್ತು ಬಸ್ಸಿಳಿದಾಗ ಎಂಟೂವರೆ ದಾಟಿತ್ತು ಅಂತ ನೀರಜಾ ಹೇಳ್ತಾಳೆ. ನೀರಜಾ ಅಂದರೆ ನಮ್ಮತ್ತಿಗೆಯ ಚಿಕ್ಕಮ್ಮನ ಮಗಳು. ಕತೆ ಕಟ್ಟೋ ಪೈಕಿ ಅಲ್ಲ. ಮದರಾಸಿನಲ್ಲಿ ಒಂದು ವಿಮಾ ಕಚೇರಿಯ ಟೈಪಿಸ್ಟು. ಯಾರು ಏನು ಹೇಳಿದರೋ ಅದನ್ನ ಅಕ್ಷರ ಬಿಡದೆ ಬಡಿಯೋದೇ ಅವಳ ಕೆಲಸ.

ಅರವತ್ತೊಂಬತ್ತನೇ ಇಸವಿ, ಮೇ ತಿಂಗಳು. ತಿರುವೊಟ್ಟಿಯೂರಿನ ದೊಡ್ಡ ರಸ್ತೆಯಿಂದ ಅವಳ ಮನೆಗೆ ಸಮುದ್ರದ ಕಡೆ ಹೋಗೋ ಒಂದು ಓಣಿ. ಓಣಿಯ ನಡುವೆ ಆಲದ ಮರ, ಅದರ ಕೆಳಗೆ ಬಾವಿ. ಬಾವಿಯ ಬಾಯಿಗೆ ಕಲ್ಲಿನ ಚಪ್ಪಡಿ ಹಾಕಿ ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಆ ರಾತ್ರಿ ಕರೆಂಟು ಬೇರೆ ಹೋಗಿತ್ತು. ಮೀನಿನ ಬಲೆಯ ವಾಸನೆ, ಬಿಸಿ ಗಾಳಿ. ನಾಯಿ ಕೂಡ ಬೊಗಳುತ್ತಿರಲಿಲ್ಲ.

ಮರ ದಾಟಿ ಹತ್ತು ಹೆಜ್ಜೆ ಹೋಗಿರಬೇಕು... ಹಿಂದೆ ಸದ್ದು.

ಟಿಕ್... ಟಿಕ್ ಟಿಕ್.

ಕಲ್ಲಿಗೆ ಬಳೆ ತಾಗಿದ ಸದ್ದು. ಚಿನ್ನದ್ದಲ್ಲ, ಹಿತ್ತಾಳೆಯದ್ದಲ್ಲ. ಗಾಜಿನ ಬಳೆ. ಬೇಕು ಅಂತಲೇ ಕುಟ್ಟುತ್ತಿರೋ ಹಾಗೆ.

ನೀರಜಾ ನಿಂತಳು. ಸದ್ದೂ ನಿಂತಿತು. ಆಮೇಲೆ ತೀರಾ ಹತ್ತಿರದಲ್ಲಿ, ಭುಜದ ಹಿಂದೆಯೇ ಅನ್ನೋ ಹಾಗೆ, ಒಂದು ಪಿಸುಮಾತು.

"ನೀರೂ... ಅಮ್ಮ ಎಣಿಸಿ ಆಯ್ತಾ?"

ಕನ್ನಡದಲ್ಲಿ. ಆ ಓಣಿಯಲ್ಲಿ ಇವರ ಮನೆ ಬಿಟ್ಟು ಕನ್ನಡ ಮಾತಾಡೋವರು ಇನ್ನೊಬ್ಬರಿರಲಿಲ್ಲ. ಅವಳನ್ನ 'ನೀರೂ' ಅಂತ ಕರೀತಿದ್ದವಳು ಲೋಕದಲ್ಲಿ ಒಬ್ಬಳೇ. ಅವಳ ಅಕ್ಕ ಜಲಜಾ. ಆ ಜಲಜಾ ಕಾಣೆಯಾಗಿ ಹದಿನೆಂಟು ವರ್ಷ ಆಗಿತ್ತು.

ನೀರಜಾ ಓಡಲಿಲ್ಲ. ತಿರುಗಿ ನೋಡದೆ, ಒಂದೊಂದೇ ಹೆಜ್ಜೆ ಇಟ್ಟು ಮನೆ ಸೇರಿದಳು.

ಇಷ್ಟು ವರ್ಷ ಇಲ್ಲದ್ದು ಈಗೇಕೆ ಅಂದರೆ, ಅದಕ್ಕೆ ನಾಲ್ಕು ದಿನ ಮುಂಚೆ ಇನ್‌ಸ್ಪೆಕ್ಟರ್ ಭೋಜರಾಜ ಮನೆಗೆ ಬಂದುಹೋಗಿದ್ದ. ಹೊಸೂರಿನ ಕಡೆಯವನು, ಕನ್ನಡ ಬಲ್ಲವನು, ಆ ಊರಿಗೆ ಹೊಸದಾಗಿ ವರ್ಗವಾಗಿ ಬಂದವನು. ಠಾಣೆಯ ಹಳೇ ಫೈಲುಗಳನ್ನ ಸುಡೋ ಮುಂಚೆ ಒಂದು ಸಲ ತಿರುವಿ ಹಾಕುತ್ತಿದ್ದಾಗ ಜಲಜಾಳ ಫೈಲು ಕೈಗೆ ಸಿಕ್ಕಿತ್ತು. ಅದರಲ್ಲಿದ್ದದ್ದು ಮೂರೇ ಹಾಳೆ. ಹದಿನಾರು ವರ್ಷದ ಹುಡುಗಿ, 1951ನೇ ಇಸವಿ ಫೆಬ್ರವರಿ ಹನ್ನೊಂದು, ಸಂಜೆ ಏಳು ಗಂಟೆಯ ಮೇಲೆ ಕಾಣೆ. ಅಣ್ಣ ತಿರುಮಲನ ಹೇಳಿಕೆ: 'ಅವಳು ಗೂಡೂರಿನ ಗಾಡಿ ಹತ್ತಿದ್ದನ್ನು ನಾನೇ ನೋಡಿದೆ.' ಅಷ್ಟೇ. ಫೈಲು ಮುಚ್ಚಿತ್ತು.

"ನಮ್ಮಪ್ಪನೂ ರೈಲ್ವೆಯವರೇ," ಅಂದ ಭೋಜರಾಜ ತಿರುಮಲನ ಮುಖ ನೋಡುತ್ತಾ. "ಹಳೇ ಟೈಮ್‌ಟೇಬಲ್ ಎಲ್ಲ ಇಟ್ಟಿದಾರೆ. ಆ ವರ್ಷ ಆ ಸಂಜೆ ಗಾಡಿ ಭಾನುವಾರ ಓಡ್ತಿರಲಿಲ್ಲ. ಆ ಫೆಬ್ರವರಿ ಹನ್ನೊಂದು ಭಾನುವಾರ."

ತಿರುಮಲ ಎದ್ದು ಕಿಟಕಿಯ ಹತ್ತಿರ ಹೋದ. "ಯಾವಾಗಿನದ್ದೋ... ನೆನಪಿಲ್ಲ ಸಾರ್."

"ನೆನಪು ಮಾಡ್ಕೊಳ್ಳಿ. ಮತ್ತೆ ಬರ್ತೀನಿ."

ಆ ಮನೆಯಲ್ಲಿ ಇದ್ದದ್ದು ಮೂರೇ ಜನ. ತಾಯಿ ಭೀಮಾಬಾಯಿ, ತಿರುಮಲ, ನೀರಜಾ. ತಂದೆ ವಿಷ್ಣುಮೂರ್ತಿ ರೈಲ್ವೆ ಗಾರ್ಡ್ ಆಗಿದ್ದವರು. ಮಗಳು ಹೋದ ಮೇಲೆ ಹೆಂಡತಿಯ ಹತ್ತಿರ ಸರಿಯಾಗಿ ಮಾತೇ ಆಡದೆ ಏಳು ವರ್ಷ ಬದುಕಿ ತೀರಿಕೊಂಡಿದ್ದರು. ತಿರುಮಲ ಮೂವತ್ತೆಂಟಾದರೂ ಮದುವೆಯಾಗಿರಲಿಲ್ಲ. ನೀರಜಾಳಿಗೆ ಬಂದ ಸಂಬಂಧಗಳೆಲ್ಲ ಒಂದೇ ಪ್ರಶ್ನೆಗೆ ಮುರಿದುಬೀಳುತ್ತಿದ್ದವು. ಅಕ್ಕ ಓಡಿಹೋದಳಂತಲ್ಲ, ಯಾರ ಜೊತೆ? ಕೊನೇ ಸಲ ಬಂದ ಗಂಡಿನ ತಾಯಿಯಂತೂ ಕಾಫಿ ಲೋಟ ಕೆಳಗಿಡೋಕೆ ಮುಂಚೆಯೇ ಕೇಳಿದ್ದಳು.

ನೀರಜಾ ಇಷ್ಟು ದಿನ ಅಕ್ಕನ ಮೇಲೆ ಸಿಟ್ಟಿಟ್ಟುಕೊಂಡಿದ್ದಳು. ಈಗ ಆ ಸಿಟ್ಟಿಗೆ ಜಾಗ ಇಲ್ಲ. ಗಾಡಿಯೇ ಇರದಿದ್ದರೆ ಅಕ್ಕ ಹತ್ತಿದ್ದು ಏನನ್ನ? ಅಣ್ಣ ಯಾಕೆ ಸುಳ್ಳು ಹೇಳಿದ?

ಊಟಕ್ಕೆ ಕೂತಾಗ ಅವನ ಕೈ ನೋಡುತ್ತಿದ್ದಳು. ದೊಡ್ಡ ಕೈ. ಅನ್ನ ಕಲಸೋ ಕೈ. ಹಾಗೆ ನೋಡಿದ್ದಕ್ಕೆ ತನಗೇ ಹೇಸಿಗೆಯಾಗುತ್ತಿತ್ತು. ಆದರೂ ನೋಡುತ್ತಿದ್ದಳು.

ಆ ಪಿಸುಮಾತು ಕೇಳಿಸಿದ ರಾತ್ರಿ ಅವಳು ಅಮ್ಮನ ಪಕ್ಕದಲ್ಲಿ ಮಲಗಿ ಮೆಲ್ಲಗೆ ಕೇಳಿದಳು.

"ಅಮ್ಮಾ... ನೀನು ಏನನ್ನಾದರೂ ಎಣಿಸ್ತಿದ್ದೆಯಾ?"

ಭೀಮಾಬಾಯಿಯ ಬೀಸಣಿಗೆ ನಿಂತಿತು.

"ಯಾರು ಹೇಳಿದ್ದು?"

"ಯಾರೂ ಇಲ್ಲ."

"ಮಲಕ್ಕೋ."

ಬೀಸಣಿಗೆ ಮತ್ತೆ ಅಲ್ಲಾಡಲಿಲ್ಲ. ಬೆಳಗಿನವರೆಗೂ ಅಮ್ಮ ಕಣ್ಣು ಮುಚ್ಚಲಿಲ್ಲ, ನನಗೆ ಗೊತ್ತಾಗ್ತಿತ್ತು ಅಂತಾಳೆ ನೀರಜಾ.

ಎರಡನೇ ಸಲ ಭೋಜರಾಜ ಬಂದಾಗ ಕೈಯಲ್ಲಿ ಇನ್ನೊಂದು ಕಾಗದ ಇತ್ತು. ಐವತ್ತೆರಡನೇ ಇಸವಿಯಲ್ಲಿ ಪಂಚಾಯ್ತಿಗೆ ಕೊಟ್ಟ ಅರ್ಜಿ. ಓಣಿಯ ಬಾವಿಯನ್ನ ಮುಚ್ಚಿಸಬೇಕು ಅಂತ. ಕೆಳಗೆ ಒಂದೇ ಸಹಿ. ವಿ. ತಿರುಮಲ.

"ಒಳ್ಳೇ ನೀರಿನ ಬಾವಿ. ಮುಚ್ಚಿಸಿದ್ದು ಯಾಕೆ?"

ತಿರುಮಲ ಕಾಗದ ಮಡಿಚಿ ಹಿಂದಕ್ಕೆ ಕೊಟ್ಟ. ನೀರಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಇನ್‌ಸ್ಪೆಕ್ಟರ್ ಹೋದ ಮೇಲೆ ಅಣ್ಣನ ಎದುರಿಗೆ ನಿಂತಳು. "ನನ್ನ ಮುಖ ನೋಡಿ ಹೇಳು. ಅಕ್ಕ ಎಲ್ಲಿ?"

"ನಿನಗೂ ನಾನೇ ಅಂತ ಅನ್ನಿಸ್ತಿದೆಯಾ ನೀರಜಾ?"

"ಅನ್ನಿಸಬಾರದು ಅಂದ್ರೆ ಹೇಳು."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆ ರಾತ್ರಿ ಮನೆಗೆ ಬರಲಿಲ್ಲ. ನೀರಜಾ ಮಲಗೋ ಕೋಣೆಗೆ ಮೊದಲ ಸಲ ಒಳಗಿನಿಂದ ಅಗುಳಿ ಹಾಕಿಕೊಂಡಳು. ಮುಂಬಾಗಿಲಿಗೆ ಮಾತ್ರ ಹಾಕೋ ಹಾಗಿರಲಿಲ್ಲ. ಆ ಮನೆಯ ಮುಂಬಾಗಿಲಿಗೆ ಹದಿನೆಂಟು ವರ್ಷದಿಂದ ಯಾರೂ ಅಗುಳಿ ಹಾಕಿರಲಿಲ್ಲ. ಅಮ್ಮ ಬಿಡುತ್ತಿರಲಿಲ್ಲ. ಓಡಿಹೋದ ಮಗಳು ಬಂದರೆ ಬರಲಿ ಅಂತ ಇರಬೇಕು ಅಂದುಕೊಂಡು ಯಾರೂ ಕೇಳುತ್ತಲೂ ಇರಲಿಲ್ಲ.

ಆ ವಾರ ಪೂರ್ತಿ ಬಾವಿಯ ಹತ್ತಿರ ಅದೇ ಸದ್ದು. ಟಿಕ್... ಟಿಕ್ ಟಿಕ್. ಒಂದು ಸಲ ಕಿವಿಯ ಹತ್ತಿರ, ಒಂದು ಸಲ ಚಪ್ಪಡಿಯ ಕೆಳಗಿನಿಂದ ಬಂದ ಹಾಗೆ. ಪ್ರಶ್ನೆಯೂ ಅದೇ. ಅಮ್ಮ ಎಣಿಸಿ ಆಯ್ತಾ... ಅಮ್ಮ ಎಣಿಸಿ ಆಯ್ತಾ... ಬೇಸರ ಇಲ್ಲ, ಸಿಟ್ಟಿಲ್ಲ. ಸಣ್ಣ ಹುಡುಗಿ ಸರದಿಗೆ ಕಾಯುತ್ತಾ ಕೇಳಿದ ಹಾಗೆ.

ಶುಕ್ರವಾರ ಭೋಜರಾಜ ಬಾವಿಯ ಚಪ್ಪಡಿ ಎತ್ತಿಸಿದ. ಊರಿಗೇ ನೀರಿಲ್ಲದ ವರ್ಷ ಅದು, ಅದಕ್ಕೇ ಬಾವಿ ತೆಗೀತಾರೆ ಅಂತ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಬಂದು ನಿಂತಿದ್ದರು. ನಾಲ್ಕು ಜನ ಇಳಿದು ಕೆಸರು ತೆಗೆದರು. ತಿರುಮಲ ಇಬ್ಬರು ಪೊಲೀಸರ ನಡುವೆ ನಿಂತಿದ್ದ. ನೀರಜಾ ಅವನನ್ನೇ ನೋಡುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ತಳ ಸಿಕ್ಕಿತು. ಎರಡು ತೂತು ಕೊಡ, ಒಂದು ರಾಟೆ, ಮಕ್ಕಳ ಮರದ ಬುಗುರಿ. ಮೂಳೆ ಇಲ್ಲ. ಬಟ್ಟೆಯ ಚೂರಿಲ್ಲ. ಬಳೆಯ ಒಂದು ತುಂಡೂ ಇಲ್ಲ.

ಆದರೂ ಭೋಜರಾಜ ಬಿಡಲಿಲ್ಲ. "ಠಾಣೆಗೆ ನಡೀರಿ. ಸುಳ್ಳು ಹೇಳಿಕೆ ಕೊಟ್ಟಿದ್ದಂತೂ ನಿಜ," ಅಂದ.

ಆಗ ಮನೆಯ ಜಗುಲಿಯಿಂದ ಭೀಮಾಬಾಯಿ ಇಳಿದು ಬಂದಳು. ಬರಿಗಾಲಲ್ಲಿ, ಬಿಸಿಲಲ್ಲಿ.

"ಅವನನ್ನ ಬಿಡಿ. ನಾನು ಹೇಳ್ತೀನಿ."

"ಅಮ್ಮಾ, ಬೇಡ," ಅಂದ ತಿರುಮಲ.

"ಸಾಕು ಕಣೋ. ಎಷ್ಟು ದಿನ ಹೊರ್ತೀಯ."

ಎಲ್ಲರೂ ಒಳಗೆ ಹೋಗಿ ಕೂತರು. ಭೀಮಾಬಾಯಿ ಮಾತ್ರ ಮುಂಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಹೇಳಿದಳು.

ಅವತ್ತು ಜಲಜಾ ಗೆಳತಿಯ ಮನೆಗೆ ಹೋದವಳು ಬರೋವಾಗ ಕತ್ತಲಾಗಿತ್ತು. ವಿಷ್ಣುಮೂರ್ತಿ ಡ್ಯೂಟಿಯ ಮೇಲೆ ಊರಲ್ಲಿರಲಿಲ್ಲ. ನೀರಜಾ ಜ್ವರ ಬಂದು ಒಳಗೆ ಮಲಗಿದ್ದಳು. ಬಾಗಿಲು ತಟ್ಟಿದಾಗ ಭೀಮಾಬಾಯಿ ಅಗುಳಿ ತೆಗೆಯಲಿಲ್ಲ.

"ನೂರು ಎಣಿಸ್ತೀನಿ, ಅಲ್ಲಿವರೆಗೂ ಹೊರಗೇ ನಿಂತಿರು, ಬುದ್ಧಿ ಬರಲಿ ಅಂದೆ. ಗಟ್ಟಿಯಾಗಿ ಎಣಿಸಿದೆ, ಅವಳಿಗೆ ಕೇಳಿಸೋ ಹಾಗೆ. ಅವಳು ಬಳೆಯಲ್ಲಿ ಬಾಗಿಲು ಕುಟ್ಟುತ್ತಾ ಇದ್ದಳು. ನಗ್ತಾ ಇದ್ದಳು ಮೊದಲು. ಅರವತ್ತು... ಅರವತ್ತೊಂದರ ಹತ್ತಿರ ಕುಟ್ಟೋದು ನಿಂತಿತು."

ಭೋಜರಾಜ ಬರೆಯೋದನ್ನ ನಿಲ್ಲಿಸಿದ.

"ನಾನು ಎಣಿಸೋದನ್ನ ನಿಲ್ಲಿಸಲಿಲ್ಲ. ಹಟ. ನೂರರವರೆಗೂ ಎಣಿಸಿ ತೆಗೆದೆ. ಯಾರೂ ಇರಲಿಲ್ಲ."

ಆಮೇಲಿನದನ್ನ ತಿರುಮಲ ಹೇಳಿದ. ಅವನು ಮನೆಗೆ ಬಂದಾಗ ಅಮ್ಮ ಬಾವಿಕಟ್ಟೆಯ ಹತ್ತಿರ ಹುಚ್ಚಿಯ ಹಾಗೆ ಓಡಾಡುತ್ತಿದ್ದಳಂತೆ. ಜಲಜಾ ಮುನಿಸಿಕೊಂಡು ಗೂಡೂರಿನ ಅತ್ತೆಯ ಮನೆಗೆ ಹೋಗಿರಬೇಕು, ಎರಡು ದಿನದಲ್ಲಿ ಬರ್ತಾಳೆ ಅಂತ ಅವನು ನಿಜವಾಗಿಯೂ ನಂಬಿದ್ದ. ಅಪ್ಪನಿಗೆ ಬಾಗಿಲಿನ ವಿಷಯ ಗೊತ್ತಾಗಬಾರದು ಅಂತ 'ಗಾಡಿ ಹತ್ತಿದ್ದನ್ನ ನೋಡಿದೆ' ಅಂದುಬಿಟ್ಟ. ಪೊಲೀಸರು ಉತ್ತರಕ್ಕೆ, ಗೂಡೂರಿನ ಕಡೆ, ಹುಡುಕಿಕೊಂಡು ಹೋದರು. ಓಣಿಯಲ್ಲಿ, ತೀರದಲ್ಲಿ, ಅಕ್ಕಪಕ್ಕದಲ್ಲಿ... ಯಾರೂ ಹುಡುಕಲಿಲ್ಲ. ಅವಳು ಗೂಡೂರಿನಲ್ಲಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಮಾತು ಹಿಂದಕ್ಕೆ ತಗೊಳ್ಳೋ ಧೈರ್ಯ ಅವನಿಗಿರಲಿಲ್ಲ.

"ಬಾವಿ?" ಅಂತ ಕೇಳಿದ ಭೋಜರಾಜ.

"ಅಮ್ಮ ದಿನಾ ರಾತ್ರಿ ಎದ್ದು ಹೋಗಿ ಅದರ ಅಂಚಿನಲ್ಲಿ ನಿಲ್ಲೋಳು ಸಾರ್. ಇನ್ನೇನು ಮಾಡಲಿ. ಮುಚ್ಚಿಸಿದೆ."

ಭೋಜರಾಜ ಟೋಪಿ ಎತ್ತಿಕೊಂಡು, "ಮಗಳನ್ನ ಹೊರಗೆ ನಿಲ್ಲಿಸಿದ್ದಕ್ಕೆ ಸೆಕ್ಷನ್ ಇಲ್ಲಮ್ಮ," ಅಂದು ಎದ್ದುಹೋದ. ಫೈಲನ್ನ ಸುಡಲಿಲ್ಲವಂತೆ. ಆದರೆ ಅದರಲ್ಲಿ ಮತ್ತೊಂದು ಹಾಳೆಯೂ ಸೇರಲಿಲ್ಲ. ಆ ಅರವತ್ತೊಂದಕ್ಕೂ ನೂರಕ್ಕೂ ನಡುವೆ ಓಣಿಗೆ ಯಾರು ಬಂದರು, ಅವಳು ಯಾವ ಕಡೆ ಹೋದಳು, ಇವತ್ತಿಗೂ ಗೊತ್ತಿಲ್ಲ. ನೀರಜಾ ಆಮೇಲೆ ಬಹಳ ದಿನ ಓಣಿಯ ಒಂದೊಂದು ಮನೆಯನ್ನೂ, ಅಲ್ಲಿಯ ವಯಸ್ಸಾದ ಗಂಡಸರನ್ನೂ ಹಾಗೇ ನೋಡುತ್ತಾ ಹೋಗುತ್ತಿದ್ದಳು.

ಆ ಸಂಜೆ ಅವಳು ಅಣ್ಣನಿಗೆ ತಟ್ಟೆ ಹಾಕಿ, ಎದುರಿಗೆ ಕೂತಳು. ತಪ್ಪಾಯ್ತು ಅನ್ನೋ ಬದಲು ಇನ್ನೊಂದು ಸಲ ಅನ್ನ ಬಡಿಸಿದಳು. ಅವನೇ ಕೇಳಿದ.

"ರಾತ್ರಿ ಅಗುಳಿ ಹಾಕ್ಕೊಂಡು ಮಲಗ್ತೀಯಾ?"

"ಇಲ್ಲ."

ಅವನು ಊಟ ಮಾಡಿದ.

ಮಧ್ಯರಾತ್ರಿ ಇರಬೇಕು. ಮೂವರಿಗೂ ಒಟ್ಟಿಗೇ ಎಚ್ಚರವಾಯಿತು. ಈ ಸಲ ಸದ್ದು ಬಾವಿಯ ಹತ್ತಿರ ಅಲ್ಲ. ಮುಂಬಾಗಿಲಿನ ಮರದ ಮೇಲೆ. ಟಕ್... ಟಕ್ ಟಕ್. ಅಗುಳಿ ಇಲ್ಲದ ಬಾಗಿಲು. ತಳ್ಳಿದರೆ ತೆರೆಯುತ್ತೆ. ಆದರೂ ಯಾರೋ ತಟ್ಟುತ್ತಾ ಇದ್ದರು.

ತಿರುಮಲ ನೀರಜಾಳ ಮಣಿಕಟ್ಟು ಹಿಡಿದ.

ಭೀಮಾಬಾಯಿ ಎದ್ದಳು. ದೀಪ ಹಚ್ಚಲಿಲ್ಲ. ಬಾಗಿಲ ಹತ್ತಿರ ಹೋಗಿ ನಿಂತು, ಪಿಸುದನಿಯಲ್ಲಿ, "ನೂರಾಯ್ತು ಮಗಳೇ. ಒಳಗೆ ಬಾ," ಅಂದು ಬಾಗಿಲನ್ನ ಪೂರ್ತಿ ತೆರೆದಳು.

ಓಣಿ ಖಾಲಿ. ದೂರದಲ್ಲಿ ಅಲೆಯ ಸದ್ದು. ಯಾರೂ ಒಳಗೆ ಬಂದದ್ದು ಕಾಣಲಿಲ್ಲ. ಭೀಮಾಬಾಯಿ ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು... ಸ್ವಲ್ಪ ಹೊತ್ತು ನಿಂತಳು... ಆಮೇಲೆ ಬಾಗಿಲು ಹಾಕಿ, ಹದಿನೆಂಟು ವರ್ಷದ ಮೇಲೆ ಮೊದಲ ಸಲ ಅಗುಳಿ ಎಳೆದಳು. ತುಕ್ಕು ಹಿಡಿದಿತ್ತು. ಎರಡು ಕೈಯಲ್ಲಿ ಎಳೆಯಬೇಕಾಯಿತು. ಹೋಗಿ ಮಲಗಿ ಗಾಢವಾಗಿ ನಿದ್ದೆ ಮಾಡಿದಳು.

ಬಾವಿಯ ಹತ್ತಿರ ಮತ್ತೆ ಆ ಸದ್ದು ಯಾರಿಗೂ ಕೇಳಿಸಲಿಲ್ಲ.

ಇದಾಗಿ ಎರಡು ತಿಂಗಳಿಗೆ ರೇಷನ್ ಕಾರ್ಡು ಹೊಸದು ಮಾಡೋಕೆ ಸರ್ಕಾರದ ಗುಮಾಸ್ತ ಓಣಿಯಲ್ಲಿ ಮನೆಮನೆಗೂ ಬಂದುಹೋದನಂತೆ. ಅವತ್ತು ಇವರು ಮೂವರೂ ಮನೆಯಲ್ಲಿರಲಿಲ್ಲ. ಇಬ್ಬರು ಕೆಲಸಕ್ಕೆ ಹೋಗಿದ್ದರು, ಭೀಮಾಬಾಯಿ ದೇವಸ್ಥಾನಕ್ಕೆ. ಹೊರಗೆ ಬೀಗ. ಮುಂದಿನ ವಾರ ನೀರಜಾ ಕಾರ್ಡು ತರೋಕೆ ಹೋದಾಗ ಅದರಲ್ಲಿ ನಾಲ್ಕು ಜನ ಅಂತಿತ್ತು.

"ನಾವು ಮೂರೇ ಜನ," ಅಂದಳು.

ಗುಮಾಸ್ತ ಮುಖ ಸಿಂಡರಿಸಿದ. "ನಿಮ್ಮ ಮನೆ ಹುಡುಗಿಯೇ ಒಳಗಿಂದ ಹೇಳಿದ್ದಮ್ಮ. ಎಲ್ಲರ ಹೆಸರೂ ವಯಸ್ಸೂ ಅವಳೇ ಬರೆಸಿದಳು. ಅವಳ ಹೆಸರು ಕೇಳಿದೆ, ನಕ್ಕಳು, ಹೇಳಲಿಲ್ಲ. ಬಾಗಿಲೂ ತೆಗೆಯಲಿಲ್ಲ."

ಆ ಕಾರ್ಡು ಇನ್ನೂ ಅವರ ಮನೆಯಲ್ಲಿದೆ. ನೀವು ನಂಬಿ, ಬಿಡಿ, ನಾನು ಕೈಯಲ್ಲಿ ಹಿಡಿದು ನೋಡಿದ್ದೀನಿ. ಮೊದಲ ಮೂರು ಸಾಲು ಸರಿಯಾಗೇ ಇದೆ. ನಾಲ್ಕನೆಯದರಲ್ಲಿ ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ ನೀಲಿ ಶಾಯಿಯಲ್ಲಿ, ಹೆಣ್ಣು, ವಯಸ್ಸು ಹದಿನಾರು.