ಜೋಗುಳ ಹಾಡುವ ತೊಟ್ಟಿಲು

ತಾಯಂದಿರೇ, ಸ್ವಲ್ಪ ಈ ಕಡೆ ಕಿವಿ ಕೊಡಿ. ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಜವಳಿ ವ್ಯಾಪಾರಿ. ಪೇಟೆಗೆ ಹೊಸದೇನು ಬಂದರೂ ಮೊದಲು ಅವನ ಮನೆಗೇ ಬರಬೇಕು. ಮದುವೆಯಾಗಿ ಬಹಳ ವರ್ಷದ ಮೇಲೆ ಅವನ ಹೆಂಡತಿ ಗಂಡು ಕೂಸು ಹೆತ್ತಳು. ಆಪರೇಷನ್ ಆಗಿತ್ತು, ಕೂಸನ್ನು ಎತ್ತಿ ಆಡಿಸುವುದು ಅವಳಿಂದಾಗುತ್ತಿರಲಿಲ್ಲ. ಗಂಡ ಒಂದು ತೊಟ್ಟಿಲು ತಂದ. ಎಂಥ ತೊಟ್ಟಿಲು! ಕೂಸು ಅತ್ತರೆ ತಾನೇ ತೂಗುತ್ತದೆ, ತಾನೇ ಹಾಡುತ್ತದೆ. ಹಾಡುವುದು ಯಾರ ದನಿಯಲ್ಲಿ? ತಾಯಿಯ ದನಿಯಲ್ಲೇ. ಅವಳನ್ನು ಕೂರಿಸಿ, ಫ್ಯಾನು ನಿಲ್ಲಿಸಿ, ಜೋಗುಳ ಹಾಡಿಸಿ ಅದರೊಳಗೆ ತುಂಬಿದ್ದ.

ಕೂಸು ಒಂಟಿಯಾಗಿ ಮಲಗುವುದನ್ನು ಕಲಿಯಿತು. ಬಾಣಂತಿಯೂ ಕಣ್ತುಂಬ ನಿದ್ದೆ ಮಾಡಿದಳು. ನೋಡಿ, ಅಲ್ಲಿಯವರೆಗೆ ಏನೂ ತಪ್ಪಿಲ್ಲ.

ಗಾಯ ಮಾಯಿತು. ಈಗ ಕೂಸು ಅತ್ತರೆ ಅವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಗಂಡ ಬಿಡಬೇಕಲ್ಲ!

"ಎತ್ತಬ್ಯಾಡ. ಒಮ್ಮೆ ರೂಢಿ ಹಚ್ಚಿದ್ರ ಮುಗೀತು, ಕೆಳಗ ಇಳಿಯಂಗಿಲ್ಲ. ಅದು ಹಾಡ್ತೈತಲ್ಲ, ನೀ ಯಾಕ ಗಂಟಲ ಹರ್ಕೋತಿ?"

ಅವಳು ಬಾಗಿಲಲ್ಲೇ ನಿಂತಳು. ಒಂದು ದಿನವಲ್ಲ, ದಿನವೂ ನಿಂತಳು. ತನ್ನ ದನಿಯ ಮೇಲೆ ತನಗೇ ಹೊಟ್ಟೆಕಿಚ್ಚು! ಇಂಥ ಸಂಕಟ ಯಾವ ತಾಯಿಗೂ ಬೇಡ. ಆದರೆ ಮನೆಗೆ ಬಂದ ಬೀಗರೆಲ್ಲ, "ಎಷ್ಟು ಶಾಣ್ಯಾ ಕೂಸವ್ವಾ, ಗದ್ದಲಾನ ಇಲ್ಲ" ಎಂದು ಹೊಗಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಅವಳೂ ಸುಮ್ಮನಾದಳು.

ಆಮೇಲೆ ಕೂಸಿಗೆ ಜ್ವರ ಏರಿತು. ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ತೊಟ್ಟಿಲೆಲ್ಲಿ ಬರಬೇಕು? "ತೊಡಿ ಮ್ಯಾಲೆ ಹಾಕ್ಕೊಂಡು ಮಲಗಸವ್ವಾ, ನಿದ್ದಿ ಆದ್ರ ಅರ್ಧ ಜಡ್ಡು ಹೋಕ್ಕೈತಿ" ಎಂದರು ಡಾಕ್ಟರು. ಅವಳು ಎದೆಗವಚಿಕೊಂಡು ಅದೇ ಜೋಗುಳ ಹಾಡಿದಳು. ಅತ್ತು ಅತ್ತು ಅವಳ ಗಂಟಲು ಒಡೆದಿತ್ತು. ಕೂಸು ಸೆಟೆದುಕೊಂಡಿತು. ಅವಳ ಮುಖ ನೋಡಲಿಲ್ಲ. ಗೋಡೆ ಕಡೆ, ಕಿಟಕಿ ಕಡೆ ಕತ್ತು ಹೊರಳಿಸಿ ಏನನ್ನೋ ಹುಡುಕಿತು. ತೊಟ್ಟಿಲೊಳಗಿನ ತಾಯಿ ಒಂದು ದಿನವೂ ಅತ್ತವಳಲ್ಲ ನೋಡಿ, ಈ ಒಡಕು ದನಿ ಅದಕ್ಕೆ ಯಾರದೋ!

ಗಂಡ ಫೋನು ತೆಗೆದು, ತೊಟ್ಟಿಲಿಗೆ ತುಂಬಿದ್ದ ಅದೇ ಹಾಡು ಹಚ್ಚಿದ. ಕೂಸು ಫೋನಿನ ಕಡೆ ತಿರುಗಿತು.

"ಕೆಳಗ ಹಾಕು. ನಿನ್ನ ತೊಡಿ ಮ್ಯಾಲೆ ಒದ್ದಾಡ್ತೈತಿ" ಎಂದ ಗಂಡ.

ಹಾಸಿಗೆಗೆ ಇಳಿಸಿದಳು. ಕೂಸು ಕಣ್ಣು ಮುಚ್ಚಿತು. ಅವಳು ಬರಿದಾದ ತೊಡೆಯ ಮೇಲೆ ಕೈ ಇಟ್ಟುಕೊಂಡು, ತನ್ನ ಹಾಡನ್ನು ತಾನೇ ಕೇಳುತ್ತ ಕುಳಿತಳು.

ಕೂಸು ಉಳಿಯಿತು, ಗಾಬರಿಯಾಗಬೇಡಿ. ಆದರೆ ಆ ತಾಯಿ ಕಳೆದುಕೊಂಡದ್ದನ್ನು ಯಾವ ಅಂಗಡಿಯಲ್ಲಿ ಕೊಳ್ಳಬೇಕು?

ತೊಟ್ಟಿಲು ಕೆಟ್ಟದ್ದೇ? ಅಲ್ಲ. ಕಾಲು ಮುರಿದಾಗ ಕೋಲು ಬೇಕು. ಕಾಲು ಕೂಡಿದ ಮೇಲೂ ಕೋಲು ಬಿಡದಿದ್ದರೆ? ಇಲ್ಲಿ ಕುಳಿತವರಲ್ಲಿ ಎಷ್ಟು ಜನರ ಕೂಸಿನ ಕೈಯಲ್ಲಿ ಈಗ ಫೋನಿದೆ? ಮುಚ್ಚಿಡಬೇಡಿ, ವೇದಿಕೆ ಮೇಲೆ ಕುಳಿತ ನನಗೆ ಎಲ್ಲ ಕಾಣುತ್ತದೆ. ಗಂಡಸರೇ, ನಗಬೇಡಿ, ಎತ್ತಬೇಡ ಎಂದವನು ಗಂಡಸು. ಇವತ್ತು ಮನೆಗೆ ಹೋದ ಮೇಲೆ ಕೂಸು ಅತ್ತರೆ, ಗುಂಡಿ ಒತ್ತುವ ಮೊದಲು ಎದ್ದು ಹೋಗಿ. ಎತ್ತಿಕೊಳ್ಳಿ. ರಾಗ ತಪ್ಪಲಿ, ಗಂಟಲು ಒಡೆಯಲಿ, ನೀವೇ ಹಾಡಿ. ನಿಮ್ಮ ಅಳುವ ದನಿಯ ಗುರುತೂ ಕೂಸಿಗೆ ಇರಲಿ.