ಕಾರಡ್ಕದಿಂದ ತಂದ ಬಾಗಿಲು

ಮಂಗಲ್ಪಾಡಿಯ ಜೆರ್ಟ್ರೂಡ್ ಬಾಯಿಯ ಮನೆಗೆ ಶಾಲೆಟ್ ಮತ್ತು ಎಲ್ರೊಯ್ ಬಂದದ್ದು ಒಂದು ಹಳೆಯ ಬಾಗಿಲನ್ನು ಕೇಳಲು. ಹಳೆ ಮನೆಗಳನ್ನು ಉಳಿಸುವ ಹುಚ್ಚು ಇಬ್ಬರಿಗೂ. ಕೋಣೆಯೊಂದಕ್ಕೆ ಕೂರಿಸಿದ್ದ ಬಾಗಿಲು ಹಲಸಿನ ಮರದ್ದು, ಚೌಕಟ್ಟಿನ ತುಂಬ ಕೆತ್ತನೆ. ಕಂಡದ್ದೇ ತಡ, ಶಾಲೆಟ್ ಮುಚ್ಚಿದ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಗೆದ್ದಲು ಹಿಡಿದಿದೆಯೇ ಎಂದು ಕಿವಿಗೊಟ್ಟಳು. ಅಷ್ಟರಲ್ಲಿ ಮಳೆ ಸುರಿಯಿತು, ಕರೆಂಟು ಹೋಯಿತು. ಸಂಜೆಯ ಪ್ರಾರ್ಥನೆ ಮುಗಿಸಿದ ಮುದುಕಿ ಮೇಣದ ಬತ್ತಿಯನ್ನು ಬಾಗಿಲಿನಿಂದ ದೂರ ಇಟ್ಟು, ಇಬ್ಬರನ್ನೂ ಎದುರು ಕೂರಿಸಿಕೊಂಡರು.

“ತಟ್ಟಬಾರದಿತ್ತು ಮಗಾ... ಇರಲಿ, ಮಳೆ ಬಿಡುವ ಹಾಗೆ ಕಾಣುದಿಲ್ಲ, ಕೂತು ಕೇಳಿ.

ನನ್ನ ತಮ್ಮ ಹರ್ಬರ್ಟ್ ಹೀಗೇ ತಟ್ಟುದು. ಕೆಳಗಿಂದ ಮೇಲೆ, ಟಕ್ ಟಕ್... ಟೊಳ್ಳು ಉಂಟಾ ಅಂತ. ಮದುವೆಮನೆಗೆ ಹೋದ್ರೂ ಮದುಮಗಳನ್ನು ನೋಡ್ಲಿಕ್ಕಿಲ್ಲ, ತಲೆಯೆತ್ತಿ ಮಾಡಿನ ಪಕ್ಕಾಸಿನ ಮರ ನೋಡುದು. ಹಳೆ ಮನೆ ಅಂದ್ರೆ ಜೀವ, ಆದ್ರೆ ಉಳಿಸಿದ್ದು ಎಷ್ಟು ಅಂತ ಕೇಳಬೇಡಿ. ಅರ್ಜಿ ಹಿಡ್ಕೊಂಡು ಒಂದು ಆಫೀಸಿಗೆ ಹೋದ್ರೆ ಅವರು ಇನ್ನೊಂದು ಆಫೀಸು ತೋರಿಸುದು, ಅಲ್ಲಿ ಹೋದ್ರೆ ಸಾರ್ ಲೀವಲ್ಲಿ, ವಾಪಸು ಬರುವಾಗ ಜೇಸಿಬಿಯವ ಮನೆ ಮಗುಚಿ ಹಾಕಿ ಚಾ ಕುಡೀತಾ ಇರುದು... ಆ ಸಿಟ್ಟನ್ನು ಯಾರ ಮೇಲೆ ತೀರಿಸುದು, ಹೇಳಿ? ಸಾರಿಗೆ ಉಪ್ಪು ಹೆಚ್ಚಾದ್ರೂ ಅವನು ಸರ್ಕಾರಕ್ಕೆ ಬೈಯುದು.

ಕಾರಡ್ಕದಲ್ಲಿ ಚೆನ್ನಪ್ಪ ಅಂತ ಒಬ್ಬರದ್ದು ತುಳುವರ ದೊಡ್ಡ ಮನೆ, ಅದರ ಒಳಕೋಣೆಯದ್ದು ಈ ಬಾಗಿಲು. ಕೆಡವಿ ಟೆರೇಸು ಮನೆ ಕಟ್ಟುದು ಅಂತ ಅವರು ಹೊರಟಿದ್ರು. ‘ನಿಮ್ಮ ಹಿರಿಯರು ಇಲ್ಲೇ ಇದ್ದಾರೆ ಚೆನ್ನಪ್ಪಣ್ಣ’ ಅಂತ ಇವನು ಹೇಳಿದ್ರೆ, ‘ಇದ್ರೆ ಸೋರುವಲ್ಲಿ ಅವರೇ ಪಾತ್ರೆ ಇಡ್ಲಿ ಪೊರ್ಬುಗಳೇ’ ಅಂತ ಅವರು. ನಮ್ಮ ಕ್ರಿಶ್ಚಿಯನ್ನರನ್ನು ತುಳುವರು ಹಾಗೆ ಕರೆಯುದು. ಕಡೆಗೆ ಇವನು ಕೋರ್ಟಿಗೆ ಹೋದ.

ಕೆಡವುವ ಮೊದಲು ಸತ್ತ ಹಿರಿಯರಿಗೆ ಬಡಿಸಬೇಕಲ್ವಾ? ಒಳಕೋಣೆಯಲ್ಲಿ ಎಲೆ ಹಾಕಿ, ಅನ್ನ, ಕೋಳಿಸಾರು ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುದು. ಸ್ವಲ್ಪ ಹೊತ್ತು ಬಿಟ್ಟು ತಟ್ಟಬೇಕು, ತಟ್ಟಿದವರೇ ತೆಗೀಬೇಕು. ಆಗ ಒಳಗಿದ್ದವರು ಎದ್ದು ಹೊರಡ್ತಾರೆ. ಹಾಗೆ ಬಾಗಿಲು ಮುಚ್ಚಿ ನಿಂತಿದ್ದಾರೆ... ಇವನು ಸ್ಟೇ ಆರ್ಡರಿನೊಟ್ಟಿಗೆ ಆಫೀಸಿನವರನ್ನು ಕರ್ಕೊಂಡು ಬಂದು, ಬಾಗಿಲಿಗೆ ಬೀಗ ಜಡಿಸಿದ. ಚೆನ್ನಪ್ಪನ ತಾಯಿ ಅಮ್ಮಣಿಯಕ್ಕ ಕೈ ಮುಗಿದ್ರಂತೆ, ‘ಒಂದು ಸಲ ತಟ್ಟಿ ತೆಗೀತೇನೆ, ಪಾಪ, ಅವರು ಹೋಗ್ಲಿ.’ ಇವನಿಗೆ ಅಷ್ಟು ವರ್ಷದ ಸಿಟ್ಟು. ‘ಯಾರೂ ಮುಟ್ಲಿಕ್ಕಿಲ್ಲ’ ಅಂದ.

ಯಾರೂ ಮುಟ್ಟಲಿಲ್ಲ. ಒಡೆದ ಹಂಚು ಬದಲಿಸ್ಲಿಕ್ಕೂ ಸ್ಟೇ ಬಿಡ್ಲಿಲ್ಲ. ಅಮ್ಮಣಿಯಕ್ಕ ಅದೇ ಕೊರಗಲ್ಲಿ ತೀರಿಹೋದ್ರು, ಆ ಮಳೆಗಾಲದಲ್ಲೇ ಮನೆಯೂ ತನ್ನಷ್ಟಕ್ಕೆ ಕೂತುಬಿಟ್ಟಿತು. ನಿಂತದ್ದು ಈ ಬಾಗಿಲು ಮಾತ್ರ, ಬೀಗದೊಟ್ಟಿಗೆ. ಗೆದ್ದ ಕೇಸು, ಬಿದ್ದ ಮನೆ... ಹರ್ಬರ್ಟ್ ಅತ್ತುಕೊಂಡು ಬಾಗಿಲನ್ನು ತಂದು ಇಲ್ಲಿ ತನ್ನ ಕೋಣೆಗೆ ಕೂರಿಸಿ, ಬೀಗ ಒಡೆದ.

ಮರುದಿನ ಮಧ್ಯಾಹ್ನ, ಒಳ್ಳೆ ಬಿಸಿಲು, ನಾವು ಊಟಕ್ಕೆ ಕೂತಿದ್ದೆವು. ಒಳಗಿನಿಂದ ಬಾಗಿಲು ತಟ್ಟಿದ್ದು ಕೇಳಿತು. ಒಬ್ಬರಲ್ಲ ಮಕ್ಕಳೇ, ಸುಮಾರು ಕೈಗಳು. ಮತ್ತೆ ಕೋಳಿಸಾರಿನ ಪರಿಮಳ... ನಮ್ಮದು ಆ ದಿನ ಬರೀ ಮೀನು. ‘ಇನ್ನು ಇವರದ್ದೊಂದು ತಕರಾರು’ ಅಂತ ಗೊಣಗಿಕೊಂಡು ಹರ್ಬರ್ಟ್ ಎದ್ದ. ತಟ್ಟಬೇಕಿತ್ತಲ್ವಾ? ತಟ್ಟಲಿಲ್ಲ. ದೂಡಿ ಒಳಗೆ ಹೋದ, ಬಾಗಿಲು ಹಾಕಿಕೊಂಡಿತು.

ಆಮೇಲೆ ಕಿಟಕಿ ಒಡೆದು ನೋಡಿದ್ರೆ ಅವನಿಲ್ಲ, ಅವನ ಕನ್ನಡಕ ಮಾತ್ರ, ಪಕ್ಕದಲ್ಲಿ ಉಂಡು ಮಡಚಿದ ಬಾಳೆಲೆ. ತಟ್ಟಿ ಕರೀಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ. ತೆಗೆದಾಗ ಎದುರು ಯಾರು ಬರ್ತಾರೋ, ಗೊತ್ತುಂಟಾ?”

ಆಗಲೇ ಬಾಗಿಲಿನ ಒಳಬದಿಯಲ್ಲಿ, ನೆಲದ ಹತ್ತಿರದಿಂದ ಶುರುವಾದ ಸಣ್ಣ ಸದ್ದು ಟಕ್ ಟಕ್ ಎಂದು ಮೇಲಕ್ಕೆ ಏರತೊಡಗಿತು.

“ಗೆದ್ದಲು ಇರ್ಬೇಕು ಆಂಟಿ,” ಎಂದ ಎಲ್ರೊಯ್.

“ಗೆದ್ದಲಿಗೆ ಬೆರಳು ಉಂಟಾ ಮಾರಾಯ?” ಜೆರ್ಟ್ರೂಡ್ ಬಾಯಿ ಶಾಲೆಟ್ ಕಡೆಗೆ ತಿರುಗಿದರು. “ಅವರೆಲ್ಲ ಎದ್ದು ನಿಂತಿದ್ದಾರೆ ಮಗಾ... ಬಂದ ಕೂಡಲೇ ತಟ್ಟಿದ್ದು ನೀನಲ್ವಾ?”